ಅಂತಃಸಾಕ್ಷಿಯು ಸ್ವೇಚ್ಛೆಯಲ್ಲ

‘ನನ್ನ ಅಂತಃಸಾಕ್ಷಿ ಒಪ್ಪಿತು, ಮಾಡಿದೆ’ ಎಂದು ಅಕಾರ್ಯವನ್ನು ಮುಚ್ಚಿಕೊಳ್ಳುವವರು, ಈ ಸ್ವಾತಂತ್ರ್ಯವನ್ನು ಕ್ರೈಸ್ತ ನೀತಿಶಾಸ್ತ್ರವೇ ಕೊಟ್ಟಿದೆಯೆಂದು ಸಾಧಿಸುವುದುಂಟು. ಇದು ಕೇವಲ ಅಪಾರ್ಥ. ಅಂತಃಸಾಕ್ಷಿಯ ನಿರ್ಣಯವು ತಪ್ಪಾಗಿದ್ದರೂ ಅದನ್ನು ಮೀರಿ ನಡೆಯುವುದು ಪಾಪವೆಂದು 13ನೆಯ ಶತಮಾನದ ಥಾಮಸ್ ಅಕ್ವಿನಾಸರು ಹೇಳಿದ್ದು ನಿಜ. ಆದರೆ ತಿಳಿಯಬೇಕಾದುದನ್ನು ಉಪೇಕ್ಷೆಯಿಂದ ತಿಳಿಯದೆ ತಪ್ಪಿದವನು ದೋಷಮುಕ್ತನಲ್ಲವೆಂದೂ ಅವರೇ ವಿಧಿಸಿದರು. ತಕ್ಕಡಿಯನ್ನು ಪರೀಕ್ಷಿಸದ ವರ್ತಕನು ‘ಮುಳ್ಳು ತೋರಿದಷ್ಟು ಕೊಟ್ಟೆ’ ಎಂದರೆ ಗಿರಾಕಿ ಒಪ್ಪುವನೇ? ಅಂತಃಸಾಕ್ಷಿಗೆ ಹಕ್ಕುಗಳಿರುವುದು ಕರ್ತವ್ಯಗಳಿರುವ ಕಾರಣದಿಂದಲೇ ಎಂದು 1875ರಲ್ಲಿ ಜಾನ್ ಹೆನ್ರಿ ನ್ಯೂಮನ್ನರು ಸ್ಪಷ್ಟಪಡಿಸಿ, ಸ್ವೇಚ್ಛೆಯನ್ನು ಅದರ ನಕಲಿ ರೂಪವೆಂದು ತಿರಸ್ಕರಿಸಿದರು.

ಆಸ್ಟ್ರಿಯಾದ ರೈತ ಫ್ರಾಂಝ್ ಯೇಗರ್‌ಸ್ಟೆಟರ್ ಇದರ ಬೆಲೆಯನ್ನು ತೆತ್ತರು. ಹಿಟ್ಲರನ ಯುದ್ಧವು ಅನ್ಯಾಯವೆಂದರಿತು ಅವರು ಶಸ್ತ್ರ ಹಿಡಿಯಲೊಲ್ಲೆನೆಂದರು. ಹೆಂಡತಿ ಮಕ್ಕಳ ಹೊಣೆಯನ್ನು ನೆನಪಿಸಿ ಬಿಷಪ್ಪರೇ ಬುದ್ಧಿ ಹೇಳಿದರೂ ಕದಲಲಿಲ್ಲ. 1943ರ ಆಗಸ್ಟ್ 9ರಂದು ಅವರ ಶಿರಶ್ಛೇದವಾಯಿತು. 2007ರಲ್ಲಿ ಅದೇ ಕ್ಯಾಥೊಲಿಕ್ ಚರ್ಚು ಅವರನ್ನು ಪುನೀತರ ಸಾಲಿಗೆ ಸೇರಿಸಿತು.

ಅವರ ಅಂತಃಸಾಕ್ಷಿ ಅವರಿಗೆ ಲಾಭದ ದಾರಿಯನ್ನು ತೋರಲಿಲ್ಲ. ಕಕ್ಷಿದಾರನಿಗೆ ಅನುಕೂಲವಾದುದನ್ನೇ ಸದಾ ನುಡಿಯುವ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ನಂಬದು, ನಾವೇಕೆ ನಂಬಬೇಕು?