ಎಂಜಿನ್ ಹೋಯಿತು ಅಂತ ಟಿಲ್ಲರ್ ಗುಜರಿಗೆ ಹಾಕಬೇಡಿ

ನಮ್ಮ ಶಿರಾ ಸೀಮೆಯಲ್ಲಿ ಮಳೆ ಬಂದ ಮೇಲೆ ಹದ ಇರೋದು ಎರಡು ದಿನ, ಹೆಚ್ಚೆಂದರೆ ಮೂರು. ಆ ಮೂರು ದಿನದಲ್ಲಿ ಟಿಲ್ಲರ್ ಕೆಟ್ಟು ನಿಂತರೆ ಏನಾಗುತ್ತದೆ ಅಂತ ಮಳೆ ನಂಬಿ ಬೇಸಾಯ ಮಾಡುವವರಿಗೆ ಹೇಳಬೇಕಿಲ್ಲ. ನನ್ನದು 2024ರ ಮೃಗಶಿರಾ ಮಳೆಯಲ್ಲಿ ನಿಂತಿತು. ಶೇಂಗಾ ಬಿತ್ತಲು ಹೊಲ ಹಸನು ಮಾಡುತ್ತಿದ್ದೆ. ದಡ್ ಅಂತ ಒಂದು ಸದ್ದು. ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಮೈಗೇ ತೂತು ಹೊಡೆದಿತ್ತು. ಎಣ್ಣೆ ಕಡಿಮೆಯಾಗಿದ್ದನ್ನು ನೋಡದೆ ಓಡಿಸಿದ್ದೆ. ತಪ್ಪು ನನ್ನದೇ.

ಪೇಟೆಯ ಅಂಗಡಿಯವರು, "ಇದು ಮುಗೀತು ಯಜಮಾನ್ರೇ, 18,000ಕ್ಕೆ ನಮಗೆ ಬಿಡಿ, ಹೊಸದು ತಗೊಳ್ಳಿ" ಅಂದರು. ಸಬ್ಸಿಡಿ ಕಳೆದರೂ ಹೊಸದಕ್ಕೆ ಒಂದು ಲಕ್ಷದ ಮೇಲೆ ಕೈಯಿಂದ ಹಾಕಬೇಕು. ಮಗನೂ "ಸಾಲ ಮಾಡೋಣ ಅಪ್ಪಾ" ಅಂದ. 2023ರ ಬರದಲ್ಲಿ ಬಿತ್ತಿದ ಬೀಜವೂ ವಾಪಸ್ ಬಂದಿರಲಿಲ್ಲ, ಹಳೇ ಬೆಳೆಸಾಲವೇ ತೀರಿರಲಿಲ್ಲ. ಅದರ ಮೇಲೆ ಇನ್ನೊಂದು ಕಂತು ಹೊರುವ ಧೈರ್ಯ ನನಗಾಗಲಿಲ್ಲ.

ರಾತ್ರಿ ಕೂತು ಯೋಚಿಸಿದೆ. ಸತ್ತಿದ್ದು ಎಂಜಿನ್. ಗೇರ್‌ಬಾಕ್ಸ್, ಚಕ್ರ, ರೋಟರಿ, ಹ್ಯಾಂಡಲ್ ಎಲ್ಲಾ ಇದೆಯಲ್ಲ? ಬೆಳಿಗ್ಗೆ ಗೇರ್‌ಬಾಕ್ಸಿನ ಎಣ್ಣೆ ಒಂದು ತಟ್ಟೆಗೆ ಇಳಿಸಿ ನೋಡಿದೆ. ಕಪ್ಪಾಗಿತ್ತು, ಆದರೆ ಕಬ್ಬಿಣದ ಚೂರು ಇರಲಿಲ್ಲ. ಚಕ್ರ ಹಿಡಿದು ಅಲ್ಲಾಡಿಸಿದರೆ ಆಕ್ಸಲ್ ಆಡಲಿಲ್ಲ. ಗೇರು ಎಲ್ಲಾ ಬೀಳುತ್ತಿದ್ದವು. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಎಣ್ಣೆಯಲ್ಲಿ ಚೂರು ಕಂಡರೆ ಮಾತ್ರ ಅಂಗಡಿಯವರ ಮಾತು ಕೇಳಿ, ಎಂಜಿನ್ ಮೇಲೆ ದುಡ್ಡು ಸುರಿಯಬೇಡಿ.

ನನ್ನದು ಚೀನಾದಿಂದ ಬಂದ ಟಿಲ್ಲರ್. ಅಗ್ಗ ಅಂತ ಕೊಂಡಿದ್ದೆ. ಮಾರಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಟಿಲ್ಲರ್‌ಗಳನ್ನೂ ಅದರ ಎಂಜಿನ್, ಗೇರ್‌ಬಾಕ್ಸ್ ಮುಂತಾದ ಭಾಗಗಳನ್ನೂ ನಿರ್ಬಂಧಿತ ಆಮದಿನ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ತಯಾರಾಗುವುದಕ್ಕೆ ಅದರಿಂದ ಒಳ್ಳೆಯದೇ ಆಗಿರಬಹುದು. ಆದರೆ ಮೊದಲೇ ಕೊಂಡಿದ್ದ ನನ್ನಂಥವರ ಗತಿಯೇನು ಅಂತ ಯಾರೂ ಕೇಳಲಿಲ್ಲ. ಅದೇ ಜಾತಿಯ ಎಂಜಿನ್ ಹುಡುಕುವುದು ಬಿಟ್ಟು, ಗೇರ್‌ಬಾಕ್ಸ್ ಒಡೆದು ಮೂಲೆ ಸೇರಿದ್ದ ದೇಶೀ ಟಿಲ್ಲರ್ ಒಂದರ ಎಂಜಿನ್ 24,000ಕ್ಕೆ ತಂದೆ. ಸ್ಟಾರ್ಟ್ ಮಾಡಿಸಿ, ಹೊಗೆ ನೋಡಿ, ಎಂಜಿನ್ ನಂಬರ್ ಬರೆದ ರಸೀದಿ ಪಡೆದೆ. ಕದ್ದ ಎಂಜಿನ್ ಕೊಂಡು ಪೊಲೀಸ್ ಠಾಣೆಗೆ ಅಲೆಯುವ ಕೆಲಸ ಬೇಡ. (ಟ್ರ್ಯಾಕ್ಟರ್ ಎಂಜಿನ್ ಬದಲಿಸುವವರು ಆರ್.ಸಿ.ಯಲ್ಲಿ ನಂಬರ್ ತಿದ್ದಿಸುವುದನ್ನೂ ಮರೆಯಬಾರದು.)

ಬೇರೆ ಜಾತಿಯ ಎಂಜಿನ್ ಕೂರಿಸುವಾಗ ಮೊದಲು ನೋಡಬೇಕಾದ್ದು ಅದು ತಿರುಗುವ ದಿಕ್ಕು. ಹಳೆಯದರ ದಿಕ್ಕಿಗೇ ತಿರುಗಬೇಕು. ಉಲ್ಟಾ ಆದರೆ ಮುಂದಿನ ಗೇರಿಗೆ ಹಾಕಿದರೆ ಟಿಲ್ಲರ್ ಹಿಂದಕ್ಕೆ, ನಮ್ಮ ಕಾಲ ಮೇಲೇ ಬರುತ್ತದೆ. ಆಮೇಲೆ ಸುತ್ತಿನ ಲೆಕ್ಕ. ನನ್ನ ಹಳೇ ಎಂಜಿನ್ ನಿಮಿಷಕ್ಕೆ 2,000 ಸುತ್ತಿನದು, ಅದರ ಪುಲ್ಲಿ 6 ಇಂಚು. ತಂದ ಎಂಜಿನ್ 2,400 ಸುತ್ತಿನದು. ಹಳೇ ಪುಲ್ಲಿಯನ್ನೇ ಇದಕ್ಕೆ ಹಾಕಿದರೆ ಗೇರ್‌ಬಾಕ್ಸ್ ಐದರಲ್ಲಿ ಒಂದು ಪಾಲು ಹೆಚ್ಚು ಜೋರಾಗಿ ತಿರುಗುತ್ತದೆ. ಟಿಲ್ಲರ್ ಕೈಗೆ ಸಿಗದೆ ಓಡುತ್ತದೆ, ಬೇರಿಂಗ್ ಬೇಗ ಹೋಗುತ್ತವೆ. 2,000 ಅನ್ನು 6ರಿಂದ ಗುಣಿಸಿದರೆ 12,000. ಅದನ್ನು 2,400ರಿಂದ ಭಾಗಿಸಿದರೆ 5. ಅಂದರೆ 5 ಇಂಚಿನ ಪುಲ್ಲಿ ಬೇಕು. ಏಳನೇ ಕ್ಲಾಸಿನಲ್ಲಿ ಕಲಿತ ಲೆಕ್ಕ ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು! ಲೇತ್ ಅಂಗಡಿಯಲ್ಲಿ ಆ ಅಳತೆಗೆ ಪುಲ್ಲಿ ಮಾಡಿಸಿದೆ. ಬೋಲ್ಟಿನ ತೂತುಗಳು ಕೂಡಲಿಲ್ಲ. ಚಾಸಿ ಕೊರೆಯಲು ಹೋಗದೆ ನಡುವೆ ದಪ್ಪ ಪ್ಲೇಟು ಕೊಟ್ಟೆವು.

ಎಂಜಿನ್ ಒಂದು ಕ್ವಿಂಟಲ್ ಮೇಲಿರುತ್ತದೆ. ಕೈಯಲ್ಲಿ ಎತ್ತುವ ಪೌರುಷ ಬೇಡ. ಮೂರು ಗಟ್ಟಿ ಸರ್ವೆ ಮರ ಕಟ್ಟಿ, ಬಾಡಿಗೆಗೆ ಚೈನ್ ಪುಲ್ಲಿ ತಂದು ಎತ್ತಿದೆವು. ಒಂದು ಎಚ್ಚರ: ಮುಂದಿನ ಭಾರ ಎದ್ದ ಕೂಡಲೇ ಹ್ಯಾಂಡಲ್ ಕಡೆ ಧಡ್ಡನೆ ಕೆಳಗೆ ಬೀಳುತ್ತದೆ. ಮೊದಲೇ ಅಲ್ಲಿ ಕಲ್ಲು ಕೊಟ್ಟಿರಬೇಕು. ನಾವು ಕೊಟ್ಟಿರಲಿಲ್ಲ. ಮಗನ ಪಾದ ಒಂದು ಗೇಣಿನಲ್ಲಿ ಉಳಿಯಿತು. ಅವನ ತಾಯಿ ನನಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲಾ ಮಾಡಿ ನಾನು ಎಡವಿದ್ದು ಬೆಲ್ಟಿನಲ್ಲಿ. ಆರಿದ್ರಾ ಮಳೆಯ ಹದಕ್ಕೆ ಆತುರದಿಂದ ಹೊಲಕ್ಕೆ ಇಳಿಸಿದೆ. ಎರಡು ಪುಲ್ಲಿಗಳು ಒಂದೇ ನೇರಕ್ಕೆ ಇರಲಿಲ್ಲ, ಅರ್ಧ ಇಂಚು ವಾರೆ. ಸಂಜೆಗೆ ಒಂದು ಬೆಲ್ಟು ಮಗುಚಿತು, ಇನ್ನೆರಡು ನಾರು ನಾರಾದವು. ಬೆಲ್ಟು ತಂದು ಹಾಕುವಷ್ಟರಲ್ಲಿ ಹದ ಹೋಯಿತು. ಎರಡು ಎಕರೆ ಬಿತ್ತನೆ ಪುನರ್ವಸು ಮಳೆಗೆ ಬಿತ್ತು. ಇದಕ್ಕೆ ಬೇಕಿದ್ದದ್ದು ಒಂದು ಮಾರು ದಾರ. ಎರಡೂ ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿದರೆ ನಾಲ್ಕು ಕಡೆ ತಾಗಬೇಕು. ಒಂದು ಕಡೆ ಬೆಳಕು ಕಂಡರೂ ಎಂಜಿನ್ ಸರಿಸಬೇಕು. ಬೆಲ್ಟಿನ ನಡುವೆ ಹೆಬ್ಬೆರಳಿಂದ ಒತ್ತಿದರೆ ಅರ್ಧದಿಂದ ಮುಕ್ಕಾಲು ಇಂಚು ಬಗ್ಗಬೇಕು. ಬದಲಿಸುವಾಗ ಎಲ್ಲಾ ಬೆಲ್ಟನ್ನೂ ಒಟ್ಟಿಗೇ ಬದಲಿಸಿ. ಹಳೇದು ಹೊಸದು ಬೆರೆಸಿದರೆ ಭಾರವೆಲ್ಲಾ ಹೊಸದರ ಮೇಲೇ ಬೀಳುತ್ತದೆ. ಒಂಟಿ ಸಿಲಿಂಡರಿನ ಎಂಜಿನ್ ನಡುಗುವುದು ಜಾಸ್ತಿ, ಹಾಗಾಗಿ ಎರಡು ಗಂಟೆ ಓಡಿಸಿದ ಮೇಲೆ ಬುಡದ ಬೋಲ್ಟು ಇನ್ನೊಮ್ಮೆ ಬಿಗಿ ಮಾಡಬೇಕು. ಹೊಸ ಎಂಜಿನ್ ಹಳೆಯದಕ್ಕಿಂತ ಹಗುರ. ಹ್ಯಾಂಡಲ್ ತೂಕವಾಗಿ ತೋಳು ನೋಯುತ್ತಿತ್ತು. ಮುಂದೆ ಒಂದು ಹಳೇ ಒರಳು ಗುಂಡು ಕಟ್ಟಿದ ಮೇಲೆ ಸರಿಹೋಯಿತು.

ಪುಲ್ಲಿ ಮತ್ತು ಪ್ಲೇಟಿಗೆ 3,200, ಎರಡನೇ ಸಲದ ಬೆಲ್ಟೂ ಸೇರಿ 1,350, ಎಣ್ಣೆ ಬೋಲ್ಟು 900, ಚೈನ್ ಪುಲ್ಲಿ ಬಾಡಿಗೆ 300. ಎಂಜಿನ್ ಸೇರಿಸಿ ಒಟ್ಟು 29,750 ರೂಪಾಯಿ.

ಬಾಡಿಗೆ ಯಂತ್ರ ಇದೆಯಲ್ಲ ಅನ್ನುವವರಿದ್ದಾರೆ. ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಿಂದ ಇವೆ, ಒಳ್ಳೆಯ ಯೋಜನೆಯೇ. ಆದರೆ ಒಣಬೇಸಾಯದಲ್ಲಿ ಹದ ಎಲ್ಲರಿಗೂ ಒಂದೇ ದಿನ. ಆ ದಿನ ಹತ್ತು ಹಳ್ಳಿಯವರೂ ಅದೇ ಬಾಗಿಲಿಗೆ ಬರುತ್ತಾರೆ. ಆರು ಎಕರೆಯವನ ಸರದಿ ಬರುವಷ್ಟರಲ್ಲಿ ನೆಲ ಒಣಗಿರುತ್ತದೆ. ಮನೆಯ ಯಂತ್ರ ಮನೆಯಲ್ಲಿ ಓಡುವ ಹಾಗೆ ಇರಬೇಕು.

ನನ್ನ ತಕರಾರು ಇರುವುದು ಸಬ್ಸಿಡಿ ಬಗ್ಗೆ. ಹೊಸ ಯಂತ್ರಕ್ಕೆ ಅರ್ಧ ದುಡ್ಡು ಕೊಡುತ್ತಾರೆ. ನಾನು 30,000ದ ಒಳಗೆ ಹಳೆಯದನ್ನೇ ಎಬ್ಬಿಸಿ ನಿಲ್ಲಿಸಿದರೆ ಒಂದು ಕಾಸೂ ಇಲ್ಲ. ಒಂದು ಹೊಸ ಟಿಲ್ಲರಿಗೆ ಕೊಡುವ ಸಬ್ಸಿಡಿಯಲ್ಲಿ ಎರಡು ಮೂರು ಹಳೇ ಟಿಲ್ಲರುಗಳಿಗೆ ಎಂಜಿನ್ ಹಾಕಬಹುದು. ಹಾಗೆ ಕೊಟ್ಟರೆ ಸುಳ್ಳು ಬಿಲ್ಲು ತರುತ್ತಾರೆ ಅಂತ ಒಬ್ಬ ಅಧಿಕಾರಿ ನನ್ನ ಬಾಯಿ ಮುಚ್ಚಿಸಿದರು. ಹೊಸ ಯಂತ್ರದಲ್ಲಿ ಸುಳ್ಳು ಬಿಲ್ಲು ಇಲ್ಲವೇ ಸ್ವಾಮಿ? ದುಡ್ಡು ಬೇಡ, ಊರಿಗೆ ಇಬ್ಬರು ಹುಡುಗರಿಗೆ ಎಂಜಿನ್ ಬಿಚ್ಚಿ ಕಟ್ಟುವುದನ್ನಾದರೂ ಕಲಿಸಲಿ. ಎತ್ತುಗಳಿದ್ದಾಗ ಲಾಳ ಕಟ್ಟುವವನು ಸುತ್ತಿನ ಹಳ್ಳಿಯಲ್ಲೇ ಇದ್ದ. ಈಗ ಒಂದು ಬೆಲ್ಟು ಹಾಕಿಸಲು ಪೇಟೆಯಿಂದ ಮೆಕ್ಯಾನಿಕ್ ಬರಬೇಕು, ಅವನು ಬರುವ ದಿನ ಅವನಿಗೇ ಗೊತ್ತಿರೋದಿಲ್ಲ.

ನನ್ನ ಟಿಲ್ಲರ್ ಆಮೇಲೆ ನಿಂತಿಲ್ಲ. ಮಗ ಈಗ ದಿನಾ ಬೆಳಿಗ್ಗೆ ಎಣ್ಣೆ ಕಡ್ಡಿ ಎಳೆದು ನೋಡಿಯೇ ಹ್ಯಾಂಡಲ್ ಹೊಡೆಯುತ್ತಾನೆ. ಹಳೇ ಚೀನಾ ಎಂಜಿನಿನ ಹೆಡ್ಡು, ಡೀಸೆಲ್ ಪಂಪು, ನಾಝಲ್, ಫ್ಲೈವೀಲ್ ಗೋಣಿಚೀಲದಲ್ಲಿ ಹಾಗೇ ಇಟ್ಟಿದ್ದೇನೆ. 95 ಮಿ.ಮೀ. ಬೋರಿನದು. ಅದೇ ಜಾತಿ ಟಿಲ್ಲರ್ ಇಟ್ಟುಕೊಂಡು ಬಿಡಿಭಾಗಕ್ಕೆ ಅಲೆಯುತ್ತಿರುವವರು ಪತ್ರಿಕೆಗೆ ಒಂದು ಕಾರ್ಡು ಬರೆದರೆ ಸಾಕು, ಗುಜರಿ ಬೆಲೆಗೆ ಕೊಡುತ್ತೇನೆ.