ಕೊಳವೆಯ ಲೆಕ್ಕ ಮತ್ತು ಕೈಗಳ ಲೆಕ್ಕ

ಯುದ್ಧದ ವಾರ್ತೆಗಳಲ್ಲಿ ಗೆದ್ದ ಊರುಗಳ ಹೆಸರು ಬರುತ್ತದೆ. ನಲ್ಲಿ ಒಣಗಿದ ಊರುಗಳ ಹೆಸರು ಬರುವುದು ಅಪರೂಪ. ಪೂರ್ವ ಉಕ್ರೇನಿನ ಡಾನ್‌ಬಾಸ್ ಸೀಮೆಯ ಮಾತನ್ನು ಓದುಗ ಬಂಧುಗಳ ಮುಂದಿಡಲು ನಮಗೆ ಇದೇ ಕಾರಣ.

ಡಾನ್‌ಬಾಸ್ ಕಲ್ಲಿದ್ದಲು, ಉಕ್ಕಿನಲ್ಲಿ ಶ್ರೀಮಂತ, ನೀರಿನಲ್ಲಿ ಬಡವ. 1954ರಿಂದ 1958ರವರೆಗೆ ದುಡಿದು, ಸಿವೆರ್‌ಸ್ಕಿ ದೊನೆತ್ಸ್ ನದಿಯಿಂದ ದೊನೆತ್ಸ್ಕ್ ನಗರಕ್ಕೆ ಸುಮಾರು 130 ಕಿಲೋಮೀಟರ್ ಕಾಲುವೆ ಕಟ್ಟಿದರು. ನೀರನ್ನು ಪಂಪುಗಳಿಂದ ಹಂತಹಂತವಾಗಿ ಮೇಲೆತ್ತಬೇಕು. ಒಂದು ಪಂಪ್‌ಹೌಸ್ ನಿಂತರೆ ಮುಂದಿನ ಊರುಗಳೆಲ್ಲ ಬತ್ತಿದಂತೆಯೇ. 2014ರಲ್ಲಿ ಉಕ್ರೇನಿನ ಸೇನೆಗೂ ರಷ್ಯಾ ಬೆಂಬಲಿತ ಪಡೆಗಳಿಗೂ ಕಾಳಗ ಹತ್ತಿತು. ರಣರೇಖೆ ಈ ನೀರಿನ ಜಾಲವನ್ನು ಹಲವೆಡೆ ಸೀಳಿತು. ಬಾಯಾರಿಕೆ ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಮೂರು ಲಕ್ಷಕ್ಕೂ ಮಿಕ್ಕ ಜನರಿಗೆ ನೀರು ಸೋಸಿ ಕೊಡುತ್ತಿದ್ದ ದೊನೆತ್ಸ್ಕ್ ಶುದ್ಧೀಕರಣ ಕೇಂದ್ರ ಎರಡು ಸೇನೆಗಳ ನಡುವೆ ಸಿಕ್ಕಿಬಿದ್ದಿತು. ಒಳಗೆ ಕ್ಲೋರಿನ್ ದಾಸ್ತಾನು, ಹೊರಗೆ ಷೆಲ್ಲಿನ ಮಳೆ. 2018ರ ಏಪ್ರಿಲಿನಲ್ಲಿ ಕೆಲಸಗಾರರನ್ನು ಒಯ್ಯುತ್ತಿದ್ದ ಬಸ್ಸಿಗೆ ಗುಂಡು ಬಿದ್ದು ಐವರು ಗಾಯಗೊಂಡರು. ಕೆಲವು ದಿನ ಕೇಂದ್ರ ನಿಂತಿತು. ಮತ್ತೆ ಹೋಗಿ ನಡೆಸಿದವರು ಯಾರು? ಸೇನಾಪತಿಗಳಲ್ಲ, ಮಂತ್ರಿಗಳಲ್ಲ, ಪಾಳಿಯ ಕೂಲಿಕಾರರು, ಫಿಟ್ಟರುಗಳು, ಲೈನ್‌ಮನ್ನರು.

2022ರ ಫೆಬ್ರವರಿಯಲ್ಲಿ ರಷ್ಯಾ ಪೂರ್ಣ ದಂಡೆತ್ತಿ ಬಂದ ಮೇಲೆ ದೊನೆತ್ಸ್ಕಿಗೆ ಬರುತ್ತಿದ್ದ ಕಾಲುವೆಯ ನೀರೂ ನಿಂತಿತು. ಮುತ್ತಿಗೆಯಲ್ಲಿದ್ದ ಮರಿಯುಪೋಲಿನ ಜನ ಹಿಮ ಕರಗಿಸಿ ಕುಡಿದರು. ಇದನ್ನು ವಿಜಯವೆನ್ನುವವರಿಗೆ ನಾವು ಏನೆನ್ನೋಣ?

ಒಂದಲ್ಲ ಒಂದು ದಿನ ಇದನ್ನೆಲ್ಲ ದುರಸ್ತಿ ಮಾಡಲೇಬೇಕು. ಆಗ ಇಂಜಿನಿಯರುಗಳು ಹಾನಿಯ ಪಟ್ಟಿ ಬರೆಯುತ್ತಾರೆ: ಎಷ್ಟು ಪಂಪು ಸುಟ್ಟಿವೆ, ಎಷ್ಟು ವಾಲ್ವು ಒಡೆದಿವೆ, ಎತ್ತಿದ ನೀರೆಷ್ಟು, ಮುಟ್ಟಿದ ನೀರೆಷ್ಟು. ಕೊಳವೆ ಖಾಲಿ ಬಿದ್ದಾಗ ಬಿರುಕುಗಳಿಂದ ಕೊಳಚೆ ಒಳಸೇರುವುದರಿಂದ ನೀರಿನ ಪರೀಕ್ಷೆಯೂ ಬೇಕು. ಇವೆಲ್ಲ ಸರಿ. ಆದರೆ ಪಟ್ಟಿ ಇಲ್ಲಿಗೇ ಮುಗಿದರೆ ಅದು ಸುಳ್ಳು ಲೆಕ್ಕ.

ನಮ್ಮ ವ್ಯಾಪಾರಿ ಮಿತ್ರರು ಬಲ್ಲರು: ಸರಕನ್ನು ಎಣಿಸಿ ಬಾಕಿಯನ್ನು ಬಿಟ್ಟ ಕಿರ್ದಿ ಅಂಗಡಿಯನ್ನು ಮುಳುಗಿಸುತ್ತದೆ. ಡಾನ್‌ಬಾಸಿನಲ್ಲಿ ಗುಂಡಿಗೆ ನಿಲ್ಲದ ಪಂಪುಗಳನ್ನು ವಿದ್ಯುತ್ತಿನ ಬಾಕಿ ನಿಲ್ಲಿಸುವ ಗಂಡಾಂತರ 2017ರಲ್ಲೇ ಬಂದಿತ್ತು. ನಮ್ಮ ಗಿರಣಿ ಬಂಧುಗಳೂ ಬಲ್ಲರು: ಹಳೆಯ ಯಂತ್ರದ ಮರ್ಮ ಅದನ್ನು ನಡೆಸಿದ ಕೈಗೆ ಗೊತ್ತು, ನಕ್ಷೆಗಲ್ಲ. ಸತ್ತ, ಊರು ಬಿಟ್ಟ ಕೆಲಸಗಾರರೊಡನೆ ಆ ಮರ್ಮವೂ ಹೋಗುತ್ತದೆ. ಹೊಸ ಪಂಪನ್ನು ಕೊಳ್ಳಬಹುದು. ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಆದ್ದರಿಂದ ಹಾನಿಯ ಪಟ್ಟಿಯ ಮೊದಲ ಸಾಲಿನಲ್ಲಿ ಕೆಲಸಗಾರನಿರಬೇಕು: ಅವನ ಸಂಬಳ, ಅವನ ರಕ್ಷಣೆ, ಮಡಿದವರ ಸಂಸಾರಕ್ಕೆ ಪರಿಹಾರ, ಹೊಸಬರಿಗೆ ತರಬೇತಿ. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಮೊದಲನೆಯ ಪೂರಕ ಒಡಂಬಡಿಕೆ, ಜನರ ಬದುಕಿಗೆ ಅನಿವಾರ್ಯವಾದ ಕುಡಿಯುವ ನೀರಿನ ಸ್ಥಾವರಗಳನ್ನು ನಾಶಮಾಡುವುದನ್ನು ನಿಷೇಧಿಸಿದೆ. ಆ ಅಕ್ಷರಕ್ಕೆ ಜೀವ ಬರುವುದು ಸ್ಥಾವರದೊಳಗಿನ ಮನುಷ್ಯನನ್ನೂ ಕಾಯ್ದಾಗ.

ಬಾವುಟ ಯಾವುದೇ ಹಾರಲಿ, ಕೊಳಾಯಿ ತಿರುವುವ ಕೈ ದುಡಿಯುವವನದೇ. ಆ ಕೈಯನ್ನು ಲೆಕ್ಕಕ್ಕೆ ಹಿಡಿಯದ ಪುನರ್ನಿರ್ಮಾಣ ಗುತ್ತಿಗೆದಾರರ ಹಬ್ಬವಾದೀತು. ಜನರ ಬಾಯಾರಿಕೆ ತೀರದು.