ಗಾದೆ ಸುಳ್ಳಾಗದೆ?

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂಬುದನ್ನು ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿವೆ. ಪರೀಕ್ಷೆಯಲ್ಲಿ ಗಾದೆಯ ವಿಸ್ತರಣೆಗೆ ಕೂತ ಹುಡುಗನು ಮೊದಲು ಈ ಸಾಲನ್ನು ಬರೆದು ಆಮೇಲೆ ವಿಚಾರಕ್ಕೆ ತೊಡಗುತ್ತಾನೆ. ಅಂದರೆ, ವಿಚಾರದ ಬಾಗಿಲಿಗೆ ಅಗಳಿ ಹಾಕಿಯೇ ತೊಡಗುತ್ತಾನೆ. ವೇದವನ್ನಾದರೂ ಪ್ರಶ್ನಿಸಬಹುದು, ಗಾದೆಯನ್ನು ಪ್ರಶ್ನಿಸಬಾರದು ಎಂದರೆ ಇದಾವ ನ್ಯಾಯ?

"ಆತುರಗಾರನಿಗೆ ಬುದ್ಧಿ ಮಟ್ಟ" ಎನ್ನುವ ಬಾಯಿಯೇ "ನಾಳೆ ಎಂದವನ ಮನೆ ಹಾಳು" ಎನ್ನುತ್ತದೆ. "ಮಾತು ಬೆಳ್ಳಿ, ಮೌನ ಬಂಗಾರ" ಎಂದು ಕಲಿಸಿದ ಅಜ್ಜಿಯೇ "ಅಳದಿದ್ದರೆ ತಾಯಿಯೂ ಹಾಲು ಕೊಡಳು" ಎಂದು ಎಚ್ಚರಿಸುತ್ತಾಳೆ. ಎರಡೂ ಸರ್ವಕಾಲಕ್ಕೂ ಸತ್ಯವಾಗುವುದು ಹೇಗೆ? ಅಜ್ಜಿಗೇನೋ ಗೊಂದಲವಿಲ್ಲ. ಯಾವ ಮಾತು ಯಾವ ಹೊತ್ತಿಗೆ, ಯಾರಿಗೆ ಎಂಬುದನ್ನು ಆಕೆ ಬಲ್ಲಳು. ಗೊಂದಲವೇನಿದ್ದರೂ ಗಾದೆಯನ್ನು ಮಂತ್ರ ಮಾಡಿದವರದು.

ಈ ಭ್ರಮೆ ನಮ್ಮದೊಂದೇ ಅಲ್ಲ. ಸ್ಪೇನಿನ ಸರ್ವಾಂಟಿಸ್ 1605 ಮತ್ತು 1615ರಲ್ಲಿ ಎರಡು ಭಾಗಗಳಾಗಿ ಹೊರತಂದ 'ಡಾನ್ ಕ್ವಿಕ್ಸೋಟ್'ನಲ್ಲಿ, ಅನುಭವದಿಂದ ಹುಟ್ಟಿದ ಗಾದೆಗಳೆಲ್ಲ ನಿಜವೆಂದು ನಾಯಕನೇ ಒಮ್ಮೆ ಹೇಳುತ್ತಾನೆ. ಮುಂದೆ ಅವನೇ, ಹೊತ್ತುಗೊತ್ತಿಲ್ಲದೆ ಗಾದೆಯ ಮೇಲೆ ಗಾದೆ ಪೋಣಿಸುವ ಸೇವಕ ಸಾಂಚೋನನ್ನು ಗದರಿಸುತ್ತಾನೆ. ಸಮಯಕ್ಕೆ ಒದಗಿದ ಗಾದೆಗೆ ಮಾತ್ರ ಬೆಲೆಯೆಂಬುದು ಅವನ ತಕರಾರು. ನಾಲ್ಕುನೂರು ವರ್ಷಗಳ ಹಿಂದಿನ ಈ ತಕರಾರು ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ಮುಟ್ಟಿಲ್ಲ.

ರಾಯಬಾಗದ ಕಡೆ ನೋಡಿರಿ. ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ಈ ಊರು 1949ರಲ್ಲಿ ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಬಂದಿತು. ಇಲ್ಲಿ ಕನ್ನಡದ ಗಾದಿಮಾತೂ ಮರಾಠಿಯ ಮ್ಹಣಿಯೂ ನೆರೆಹೊರೆ. ಮರಾಠಿಯಲ್ಲಿ "ನಾಚತಾ ಯೇಈನಾ, ಅಂಗಣ ವಾಕಡೆ" ಎನ್ನುತ್ತಾರೆ: ಕುಣಿಯಲು ಬಾರದು, ಅಂಗಳ ಡೊಂಕು. ಕುಣಿದವರು ಗಂಡೋ ಹೆಣ್ಣೋ ಎಂಬ ಸುದ್ದಿಯೇ ಇಲ್ಲ. ನಮ್ಮದಾದರೋ, "ಕುಣಿಯಲಾರದ ಸೂಳೆ ನೆಲ ಡೊಂಕು ಎಂದಳು". ಅರ್ಥ ಒಂದೇ ಎಂದು ಮಾಸ್ತರರು ಬರೆಯಿಸುತ್ತಾರೆ. ಒಂದೇ ಹೇಗಾದೀತು? ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಟ್ಟ ಜಿಲ್ಲೆ ನಮ್ಮದು. ಆ ಪದ್ಧತಿಯನ್ನು ನಿಷೇಧಿಸಿ 1982ರಲ್ಲಿ ರಾಜ್ಯವು ಕಾಯಿದೆ ಮಾಡಿತು. ಅಂಥ ತಾಯಿಯ ಮಗಳು ತರಗತಿಯಲ್ಲಿ ಕೂತಿರುವಾಗ ಈ ಗಾದೆ ಬರಿಯ ನೀತಿಪಾಠವಲ್ಲ, ಅದು ಕಲ್ಲು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದೂ ಹಾಗೆಯೇ. ಮನೆಯ ಹಿರಿಯ ತನಗೆ ತಾನೇ ಹೇಳಿಕೊಂಡರೆ ಅದು ವಿವೇಕ. ಕಬ್ಬು ಕಡಿಯುವವನು ಕೂಲಿ ಹೆಚ್ಚಿಸಿರೆಂದಾಗ ಧಣಿ ಹೇಳಿದರೆ ಅದು ಬಾಯಿಗೆ ಬೀಗ. ಆ ಹಾಸಿಗೆಯನ್ನು ಅಷ್ಟಕ್ಕೇ ಕತ್ತರಿಸಿದವರಾರು ಎಂದು ಗಾದೆ ಕೇಳುವುದಿಲ್ಲ, ನಾವು ಕೇಳಬೇಕು.

ಹಾಗಾದರೆ ಗಾದೆಗಳನ್ನು ಸುಟ್ಟುಬಿಡೋಣವೇ ಎಂದು ಕೆಲವರು ಸಿಟ್ಟಾದಾರು. ಖಂಡಿತ ಬೇಡ. 1894ರ ತಮ್ಮ ನಿಘಂಟಿನಲ್ಲಿ ಕಿಟ್ಟೆಲ್ಲರು ಗಾದೆಗಳನ್ನು ಉದಾಹರಿಸಿದ್ದು ಶಬ್ದದ ಬಳಕೆ ತೋರಿಸಲಿಕ್ಕೆ, ಪೂಜೆ ಮಾಡಲಿಕ್ಕಲ್ಲ. ಕಹಿಯಾದುದನ್ನೂ ಕೂಡಿಡೋಣ; ನಮ್ಮ ಹಿರಿಯರು ಹೇಗಿದ್ದರೆಂಬುದಕ್ಕೆ ಅದೂ ಸಾಕ್ಷಿ. ಆದರೆ ಸಾಕ್ಷಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂಡ್ರಿಸುವುದು ಬೇಡ.

"ಗಾದೆಯನ್ನು ವಿಸ್ತರಿಸಿರಿ" ಎಂಬ ಪ್ರಶ್ನೆಯ ಬದಲು "ಇದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ?" ಎಂದು ಒಂದು ವರ್ಷ ಕೇಳಿ ನೋಡಲಿ. ಬಾಯಿಪಾಠದ ಸಾಲು ಅಲ್ಲಿ ಕೆಲಸಕ್ಕೆ ಬಾರದು. ಹುಡುಗ ಊರಿನತ್ತ ಕಣ್ಣು ತೆರೆಯಲೇಬೇಕಾಗುವುದು.